ಕೆಲಸ ಹೋದರೂ ಕೈಬಿಡಲಿಲ್ಲ: ಮೂಗಿನ ಸರ್ಜರಿಗೆ ಹೊಸ ದಾರಿ ತೋರಿದ ಬರ್ಲಿನ್ ವೈದ್ಯ ಜಾಕ್ ಜೋಸೆಫ್

ಮೂಗಿನ ಆಕಾರ ತಿದ್ದುವ ರೈನೋಪ್ಲಾಸ್ಟಿ ಸರ್ಜರಿ ಈಗ ನಮ್ಮ ಮಹಾನಗರಗಳಲ್ಲಿ ಹೊಸದೇನಲ್ಲ. ಆದರೆ ಯಾವ ಸರ್ಜನ್ ಬಳಿ ಹೋಗಬೇಕು ಎಂಬ ಪ್ರಶ್ನೆ ಇಂದಿಗೂ ಅನೇಕರನ್ನು ಕಾಡುತ್ತದೆ. ಇದಕ್ಕೆ ಉತ್ತರ ಹುಡುಕುವವರು ಡಾ. ಜಾಕ್ ಜೋಸೆಫ್ ಅವರ ಬದುಕನ್ನೊಮ್ಮೆ ನೋಡಬೇಕು.

1865ರಲ್ಲಿ ಕೋನಿಗ್ಸ್‌ಬರ್ಗ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಜೋಸೆಫ್, ಬರ್ಲಿನ್‌ನಲ್ಲಿ ವೈದ್ಯಕೀಯ ಓದಿ ಮೂಳೆ ತಜ್ಞರೊಬ್ಬರ ಕೈಕೆಳಗೆ ಸಹಾಯಕರಾದರು. 1896ರಲ್ಲಿ ಚಾಚಿದ ಕಿವಿಗಳಿಂದಾಗಿ ಗೇಲಿಗೊಳಗಾಗಿದ್ದ ಬಾಲಕನಿಗೆ ಸರ್ಜರಿ ಮಾಡಿದರು. ಸರ್ಜರಿ ಯಶಸ್ವಿಯಾಯಿತು, ಆದರೆ ಕೆಲಸ ಹೋಯಿತು. ಆರೋಗ್ಯವಂತನ ಮೇಲೆ ಕತ್ತಿಯಾಡಿಸುವುದು ಅಂದಿನ ಹಿರಿಯರಿಗೆ ಒಪ್ಪಿಗೆಯಾಗಿರಲಿಲ್ಲ.

ಪುಣೆಯ ನಂಟು

ಮೂಗು ಕಟ್ಟುವ ವಿದ್ಯೆ ಭಾರತಕ್ಕೆ ಹಳೆಯದು. ಸುಶ್ರುತ ಸಂಹಿತೆಯಲ್ಲೇ ಅದರ ವಿವರಣೆಯಿದೆ. 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ ಕಾವಸ್‌ಜಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಲಾಯಿತು. 1794ರಲ್ಲಿ ಲಂಡನ್ ಪತ್ರಿಕೆಯೊಂದು ಇದನ್ನು ವರದಿ ಮಾಡಿದ ಬಳಿಕ ಈ ವಿಧಾನ ಯುರೋಪಿನ ಸರ್ಜನ್‌ಗಳ ಗಮನ ಸೆಳೆಯಿತು.

ಜೋಸೆಫ್ ಮುಂದಿದ್ದ ಸವಾಲೇ ಬೇರೆ. 1898ರಲ್ಲಿ ಅವರ ಬಳಿ ಬಂದ ಯುವಕನಿಗೆ ಮೂಗು ಇತ್ತು, ಆದರೆ ತೀರಾ ದೊಡ್ಡದಿತ್ತು. ಜನರ ನಡುವೆ ಹೋಗಲೂ ಆತ ಹಿಂಜರಿಯುತ್ತಿದ್ದ. ಜೋಸೆಫ್ ಮೊದಲು ಶವದ ಮೇಲೆ ಅಭ್ಯಾಸ ಮಾಡಿ, ನಂತರವೇ ಆತನ ಮೂಗನ್ನು ಚಿಕ್ಕದಾಗಿಸಿದರು. ಮುಂದೆ ಮೂಗಿನ ಹೊಳ್ಳೆಯ ಒಳಗಿನಿಂದಲೇ, ಹೊರಗೆ ಗಾಯದ ಗುರುತು ಕಾಣದಂತೆ ಸರ್ಜರಿ ಮಾಡತೊಡಗಿದರು. ಅಮೆರಿಕದ ಜಾನ್ ರೋ 1887ರಲ್ಲೇ ಇಂಥ ಪ್ರಯತ್ನ ಮಾಡಿದ್ದರಾದರೂ, ಅದನ್ನು ಅಳತೆ, ಕ್ರಮ, ಉಪಕರಣಗಳಿರುವ ಶಾಸ್ತ್ರವಾಗಿಸಿದ್ದು ಜೋಸೆಫ್.

ಯುದ್ಧ, ಗೌರವ, ಕೊನೆಯ ದಿನಗಳು

ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರಗೊಂಡ ಸೈನಿಕರು ಸಾಲುಸಾಲಾಗಿ ಬಂದಾಗ, ಬರ್ಲಿನ್‌ನ ಶಾರಿಟೆ ಆಸ್ಪತ್ರೆ ಇದೇ ವೈದ್ಯರಿಗೆ ಮುಖದ ಪ್ಲಾಸ್ಟಿಕ್ ಸರ್ಜರಿ ವಿಭಾಗ ವಹಿಸಿತು. 1919ರಲ್ಲಿ ಪ್ರೊಫೆಸರ್ ಪದವಿ ದೊರೆಯಿತು. ಅವರ ಕೆಲಸ ನೋಡಲು ವಿದೇಶಗಳಿಂದಲೂ ವೈದ್ಯರು ಬಂದರು. 1928ರಿಂದ 1931ರವರೆಗೆ ಅವರ ದೊಡ್ಡ ಗ್ರಂಥ ಭಾಗಭಾಗವಾಗಿ ಪ್ರಕಟವಾಯಿತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಮರುವರ್ಷ ಫೆಬ್ರವರಿಯಲ್ಲಿ ಜೋಸೆಫ್ ತೀರಿಕೊಂಡರು. ಅವರ ಹೆಸರಿನ ಚಾಕು ಈಗಲೂ ಆಪರೇಷನ್ ಥಿಯೇಟರ್‌ನಲ್ಲಿದೆ.

ಸರ್ಜನ್ ಆಯ್ಕೆಗೆ ಪಾಠ

ರೋಗಿಗೆ ಸರ್ಜರಿ ಯಾಕೆ ಬೇಕು ಎಂಬುದು ಜೋಸೆಫ್‌ಗೆ ಮುಖ್ಯವಾಗಿತ್ತು. ಮೂಗಿಗಿಂತ ಮನಸ್ಸಿನ ನೋವು ದೊಡ್ಡದೆಂದು ಅವರು ಅರಿತಿದ್ದರು. ನಿಮ್ಮ ಸರ್ಜನ್ ಕೂಡ ಮೊದಲು ಕಾರಣ ಕೇಳಬೇಕು, ಅಗತ್ಯವಿಲ್ಲದಿದ್ದರೆ ಬೇಡ ಎನ್ನಬೇಕು. ಪ್ಲಾಸ್ಟಿಕ್ ಸರ್ಜರಿ ಅಥವಾ ಇಎನ್‌ಟಿ ಪದವಿ, ವೈದ್ಯಕೀಯ ಮಂಡಳಿಯ ನೋಂದಣಿ, ಮೂಗಿನ ಸರ್ಜರಿಯಲ್ಲೇ ಅನುಭವ ಇದೆಯೇ ಎಂದು ವಿಚಾರಿಸಿ. ಹಿಂದಿನ ರೋಗಿಗಳ ಫೋಟೋಗಳನ್ನು ಕೇಳಿ ನೋಡಿ. ಉಸಿರಾಟದ ಬಗ್ಗೆಯೂ ಕೇಳಲು ಮರೆಯಬೇಡಿ. ಮೂಳೆ, ಮೃದ್ವಸ್ಥಿಯನ್ನು ಅತಿಯಾಗಿ ತೆಗೆದರೆ ಉಸಿರಾಟಕ್ಕೆ ತೊಂದರೆಯಾಗುತ್ತದೆ ಎಂಬುದು ಜೋಸೆಫ್ ನಂತರದ ತಲೆಮಾರು ಕಲಿತ ಪಾಠ.