ಅರ್ಲ್ ಸದರ್‌ಲ್ಯಾಂಡ್: ಕೋಶದೊಳಗಿನ ಸಂದೇಶವಾಹಕನನ್ನು ಕಂಡವರು

ಹತ್ತನೇ ತರಗತಿಯಲ್ಲಿ ಹಾರ್ಮೋನುಗಳ ಪಾಠ ಮಾಡುವಾಗ ಅಡ್ರಿನಲಿನ್ ಬಗ್ಗೆ ನಾವು ಹೇಳುವುದು ಇಷ್ಟೇ: ಹೆದರಿಕೆಯಾದಾಗ ಅದು ರಕ್ತಕ್ಕೆ ಸೇರುತ್ತದೆ, ಯಕೃತ್ತು ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಈ ಎರಡರ ನಡುವೆ ಏನಾಗುತ್ತದೆ ಎಂಬುದನ್ನು ಬಿಡಿಸಿದವರು ಅಮೆರಿಕದ ಅರ್ಲ್ ಸದರ್‌ಲ್ಯಾಂಡ್. ನನ್ನ ಬೋಧನಾಭ್ಯಾಸದ ಒಂದು ಪಾಠವನ್ನು ಅವರ ಜೀವನದ ಮೂಲಕವೇ ಯೋಜಿಸಿದೆ.

ಸದರ್‌ಲ್ಯಾಂಡ್ 1915ರಲ್ಲಿ ಕಾನ್ಸಾಸ್ ರಾಜ್ಯದ ಬರ್ಲಿಂಗೇಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಮೀನು ಹಿಡಿಯುವುದು ಅವರಿಗೆ ಪ್ರಿಯವಾದ ಹವ್ಯಾಸ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಾ ಕಾಲೇಜು ಓದಿ, 1942ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ವೈದ್ಯ ಪದವಿ ಪಡೆದರು. ಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು ಮರಳಿದಾಗ ವೈದ್ಯವೃತ್ತಿಯೋ ಸಂಶೋಧನೆಯೋ ಎಂಬ ಪ್ರಶ್ನೆ ಎದುರಾಯಿತು. ಗುರು ಕಾರ್ಲ್ ಕೋರಿಯವರ ಪ್ರಭಾವದಿಂದ ಪ್ರಯೋಗಾಲಯವನ್ನೇ ಆರಿಸಿಕೊಂಡರು.

ಹಾರ್ಮೋನು ಕೆಲಸ ಮಾಡಬೇಕಾದರೆ ಕೋಶ ಇಡಿಯಾಗಿಯೇ ಇರಬೇಕು ಎಂಬುದು ಆಗಿನ ನಂಬಿಕೆ. 1953ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಬಂದ ಸದರ್‌ಲ್ಯಾಂಡ್, ಥಿಯೋಡೋರ್ ರಾಲ್ ಅವರ ಜೊತೆ ಪ್ರಾಣಿಗಳ ಯಕೃತ್ತನ್ನು ಅರೆದು ಅದಕ್ಕೆ ಅಡ್ರಿನಲಿನ್ ಸೇರಿಸಿದರು. ಗ್ಲೈಕೋಜನನ್ನು ಒಡೆಯುವ ಕಿಣ್ವ ಚುರುಕಾಯಿತು! ಕೋಶಪೊರೆಯ ಚೂರುಗಳನ್ನು ಬೇರ್ಪಡಿಸಿದ ಮೇಲೆ ಉಳಿದ ತಿಳಿದ್ರವದಲ್ಲಿ ಮಾತ್ರ ಹಾರ್ಮೋನಿನ ಆಟ ನಡೆಯಲಿಲ್ಲ. ನಂತರ ಪೊರೆಯ ಚೂರುಗಳಿಗೆ ಅಡ್ರಿನಲಿನ್ ಮತ್ತು ಎ.ಟಿ.ಪಿ. ಸೇರಿಸಿ, ಕುದಿಸಿ, ಆ ರಸವನ್ನು ತಿಳಿದ್ರವಕ್ಕೆ ಹಾಕಿದಾಗ ಕಿಣ್ವ ಮತ್ತೆ ಚುರುಕಾಯಿತು. ಕುದಿಸಿದರೂ ಕೆಡದ ಆ ಸಣ್ಣ ಅಣುವೇ ಸೈಕ್ಲಿಕ್ ಎ.ಎಂ.ಪಿ. ಅಡ್ರಿನಲಿನ್ ಬಾಗಿಲಲ್ಲೇ ಕಾಗದ ಕೊಟ್ಟು ಹೋಗುವ ಅಂಚೆಯಣ್ಣ; ಒಳಗೆ ಸುದ್ದಿ ಮುಟ್ಟಿಸುವವನು ಈ ದ್ವಿತೀಯ ಸಂದೇಶವಾಹಕ.

ಇಷ್ಟು ಸರಳವಾದ ಒಂದೇ ಅಣು ಹಲವು ಹಾರ್ಮೋನುಗಳಿಗೆ ದೂತನಾಗಬಲ್ಲದು ಎಂಬುದನ್ನು ಅನೇಕರು ಬೇಗ ಒಪ್ಪಲಿಲ್ಲ. ಸದರ್‌ಲ್ಯಾಂಡ್ ಒಂದೊಂದೇ ಅಂಗಾಂಶದಲ್ಲಿ ಅದನ್ನು ಹುಡುಕುತ್ತಾ ಹೋದರು. 1971ರಲ್ಲಿ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು. 1974ರಲ್ಲಿ, 58ನೇ ವಯಸ್ಸಿನಲ್ಲಿ, ಮಯಾಮಿಯಲ್ಲಿ ತೀರಿಕೊಂಡರು.

ಅವರು ಗಾಳಕ್ಕೆ ಹಿಡಿಯುತ್ತಿದ್ದ ಮೀನಿನಲ್ಲೂ ಇದೇ ವ್ಯವಸ್ಥೆ ಇದೆ. ಮೂಳೆಮೀನುಗಳಲ್ಲಿ ನಮ್ಮಂತೆ ಮೂತ್ರಪಿಂಡದ ಮೇಲೆ ಕೂತ ಪ್ರತ್ಯೇಕ ಅಡ್ರಿನಲ್ ಗ್ರಂಥಿ ಇಲ್ಲ. ಮೂತ್ರಪಿಂಡದ ತಲೆಭಾಗದ ಕೋಶಗಳೇ ಅಡ್ರಿನಲಿನ್ ಸ್ರವಿಸುತ್ತವೆ. ಟ್ರೌಟ್ ಮೀನು ಗಾಬರಿಗೊಂಡಾಗ ಅದರ ಯಕೃತ್ತಿನ ಕೋಶಗಳಲ್ಲಿ ಸೈಕ್ಲಿಕ್ ಎ.ಎಂ.ಪಿ. ಏರಿ, ಸಕ್ಕರೆ ರಕ್ತಕ್ಕೆ ಸೇರುತ್ತದೆ. ಒತ್ತಡದ ಇನ್ನೊಂದು ಹಾರ್ಮೋನಾದ ಕಾರ್ಟಿಸೋಲ್ ಮಾತ್ರ ಪೊರೆಯನ್ನು ದಾಟಿ ಒಳಗಿನ ಗ್ರಾಹಕವನ್ನು ಸೇರಿ ಜೀನ್‌ಗಳ ಕೆಲಸವನ್ನೇ ಬದಲಿಸುತ್ತದೆ.

ತರಗತಿಯಲ್ಲಿ ನಾನು ಕಪ್ಪುಹಲಗೆಯ ಮೇಲೆ ಮೂರು ಪ್ರನಾಳಗಳನ್ನು ಬರೆದು, ಯಾವುದರಲ್ಲಿ ಕಿಣ್ವ ಚುರುಕಾದೀತು ಎಂದು ಊಹಿಸಲು ಬಿಟ್ಟೆ. ಹೆಚ್ಚಿನವರು ತಿಳಿದ್ರವದ ಪ್ರನಾಳವನ್ನೇ ಆರಿಸಿದರು. ಫಲಿತಾಂಶ ಹೇಳಿದಾಗ, ಹಾಗಾದರೆ ಪೊರೆಯಲ್ಲಿ ಏನಿದೆ ಸರ್ ಎಂದು ಕೊನೆಯ ಬೆಂಚಿನಿಂದ ಪ್ರಶ್ನೆ ಬಂತು. ಗ್ರಾಹಕದ ಪರಿಕಲ್ಪನೆಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಉತ್ತರವನ್ನು ಮೊದಲೇ ಬರೆಸುವ ಬದಲು ಅದು ಸಿಕ್ಕ ದಾರಿಯಲ್ಲಿ ಮಕ್ಕಳನ್ನು ನಡೆಸಿದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ.