ಜನರಲ್ ತಿಮ್ಮಯ್ಯ: ಕೋವಿಯ ನಾಡಿನ ದಂಡನಾಯಕ

ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯವರು ತೀರಿಕೊಂಡರೆ ಎರಡು ಗುಂಡು. ಕೊಡವರ ಬಾಳು ಕೋವಿಯ ಸದ್ದಿನಿಂದ ತೊಡಗಿ ಕೋವಿಯ ಸದ್ದಿನಲ್ಲಿಯೇ ಮುಗಿಯುವಂಥದು. ಕೈಲ್‌ಪೊಳ್ದಿನಂದು ಐನ್‌ಮನೆಯಲ್ಲಿ ಆಯುಧಗಳನ್ನು ಇರಿಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವ ಈ ನಾಡಿನಲ್ಲಿ ಕೋವಿಯೆಂದರೆ ಮನೆತನದ ಮಾನ. ಆದರೆ ಸೈನ್ಯದ ಕೋವಿ ಕುಲದಿಂದ ಬರುವುದಲ್ಲ, ಕಾರ್ಖಾನೆಯಿಂದ ಬರುವುದು. ಶೌರ್ಯ ಎಷ್ಟಿದ್ದರೂ ಅದರ ಹಿಂದೆ ಉಕ್ಕು ಇರಬೇಕೆಂಬ ಸತ್ಯವನ್ನು ಶತ್ರುವಿನ ಎದುರಿನಲ್ಲಿ ನಿಂತು ಕಂಡವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ಅವರು ಮಡಿಕೇರಿಯಲ್ಲಿ ಜನಿಸಿದ್ದು 1906ರ ಮಾರ್ಚ್ 31ರಂದು. ಹಿಂದಿನ ವರ್ಷವಷ್ಟೇ ಜಪಾನು ರಷ್ಯವನ್ನು ಸೋಲಿಸಿ ಏಷ್ಯವನ್ನೆಲ್ಲ ಬೆರಗುಗೊಳಿಸಿತ್ತು. ಆ ಗೆಲುವಿನ ಬೇರು ಒಸಾಕದಲ್ಲಿತ್ತು. 1870ರಲ್ಲಿ ಅಲ್ಲಿ ಸ್ಥಾಪನೆಯಾದ ಸರಕಾರಿ ಶಸ್ತ್ರಾಗಾರವೇ ಜಪಾನೀ ಸೇನೆಗೆ ಫಿರಂಗಿಗಳನ್ನು ಎರಕ ಹೊಯ್ದುಕೊಟ್ಟಿತು. ಪೋರ್ಟ್ ಆರ್ಥರ್ ಕೋಟೆಯನ್ನು ನಡುಗಿಸಿದ 28 ಸೆಂಟಿಮೀಟರ್ ಬಾಯಿಯ ಭಾರಿ ತೋಪುಗಳು ಅಲ್ಲಿಯವೇ. ಮೇಜಿ ಆಳಿಕೆಯ ಮೂವತ್ತೆಂಟನೆಯ ವರ್ಷವಾದ 1905ರಲ್ಲಿ ಸ್ವೀಕೃತವಾದ ಬಂದೂಕಿಗೆ ಆ ಅಂಕವೇ ಹೆಸರಾಯಿತು. ಆ ಬಂದೂಕೂ ಮಡಿಕೇರಿಯ ಈ ಶಿಶುವೂ ಮುಂದೆ ಒಂದೇ ರಣರಂಗದಲ್ಲಿ ಎದುರಾಗಬೇಕಾಗಿತ್ತು.

ಕೂನೂರು ಹಾಗೂ ಬೆಂಗಳೂರಿನ ಶಾಲೆಗಳಲ್ಲಿ, ಬಳಿಕ ಡೆಹರಾಡೂನಿನ ಸೈನಿಕ ವಿದ್ಯಾಲಯದಲ್ಲಿ ಓದಿದ ತಿಮ್ಮಯ್ಯನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿ ತರಬೇತಿ ಹೊಂದಿ 1926ರಲ್ಲಿ ಅಧಿಕಾರಿಯಾದರು. ಪರರ ದೊರೆತನದಲ್ಲಿ ಸ್ವದೇಶಾಭಿಮಾನಿ ಸೈನಿಕನ ಮನಸ್ಸು ಇಬ್ಬಂದಿಗೆ ಸಿಕ್ಕುವುದು ಸಹಜ. ಎರಡನೆಯ ಮಹಾಯುದ್ಧದಲ್ಲಿ ಅವರ ಅಣ್ಣನೇ ಆಜಾದ್ ಹಿಂದ್ ಫೌಜನ್ನು ಸೇರಿ ಜಪಾನೀಯರ ಪಕ್ಷದಲ್ಲಿ ನಿಂತರು. ತಮ್ಮ ಎದುರು ಪಾಳೆಯದಲ್ಲಿ ಉಳಿದರು.

1945ರ ಜನವರಿಯ ಕೊನೆಯಲ್ಲಿ ಬರ್ಮಾದ ಅರಾಕಾನ್ ತೀರದ ಕಾಂಗಾ ಎಂಬ ಹಳ್ಳಿಯ ಸುತ್ತ ಘೋರ ಕಾಳಗವಾಯಿತು. ಹಿಮ್ಮೆಟ್ಟುವ ಜಪಾನೀ ಸೈನ್ಯಕ್ಕೆ ಇದ್ದ ರಸ್ತೆ ಅದೇ ಹಳ್ಳಿಯ ಮೂಲಕ ಹಾದುಹೋಗುತ್ತಿತ್ತು. ದಾರಿ ಬಿಡಿಸಿಕೊಳ್ಳಲು ಅವರ ಫಿರಂಗಿಗಳು ಬರ್ಮಾ ಸಮರದಲ್ಲಿ ಅಪೂರ್ವವೆನ್ನುವಷ್ಟು ಗುಂಡಿನ ಮಳೆ ಸುರಿಸಿದವು. ಅಲ್ಲಿ ಹೋರಾಡಿದ 51ನೆಯ ಬ್ರಿಗೇಡಿನ ಮೂರು ಪಟಾಲಮುಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ತೋರಾಟ್ ಮತ್ತು ಸೇನ್. ಮೂವರಿಗೂ ಡಿ.ಎಸ್.ಓ. ಪದಕ ಸಂದಿತು. ಭಾರತೀಯನು ರಣದಲ್ಲಿ ದಳ ನಡೆಸಲಾರನೆಂಬ ಆಳರಸರ ಹಳೆಯ ಶಂಕೆ ಅಲ್ಲಿಗೆ ಮಣ್ಣುಗೂಡಿತು.

ಆದರೂ ಜಪಾನೀ ಸೈನಿಕ ಸೋತದ್ದು ಧೈರ್ಯದ ಕೊರತೆಯಿಂದಲ್ಲ. ಆ ದೇಶದ ಉಕ್ಕು ಹಡಗುಗಳಿಗೂ ವಿಮಾನಗಳಿಗೂ ಹಂಚಿಹೋಗಿ ಪದಾತಿಗೂ ಫಿರಂಗಿಗೂ ಸಾಲದಾಗಿತ್ತು. 1939ರಲ್ಲಿ ಹೊಸ 7.7 ಮಿಲಿಮೀಟರ್ ಬಂದೂಕನ್ನು ಸ್ವೀಕರಿಸಿದರೂ ಹಳೆಯ 6.5 ಮಿಲಿಮೀಟರಿನದನ್ನು ಪೂರ್ತಿಯಾಗಿ ಬದಲಿಸಲಾಗಲಿಲ್ಲ. ಒಂದೇ ಸೈನ್ಯಕ್ಕೆ ಎರಡು ಬಗೆಯ ತೋಟಾ ಒದಗಿಸಬೇಕಾಯಿತು. 1945ರ ಆಗಸ್ಟ್ 14ರಂದು, ಶರಣಾಗತಿಯ ಘೋಷಣೆಗೆ ಒಂದೇ ದಿನ ಮುಂಚೆ, ಒಸಾಕದ ಶಸ್ತ್ರಾಗಾರ ಬಾಂಬುಗಳಿಗೆ ತುತ್ತಾಯಿತು. ಮರುವರ್ಷ ತಿಮ್ಮಯ್ಯನವರು 268ನೆಯ ಭಾರತೀಯ ಬ್ರಿಗೇಡಿನ ನಾಯಕರಾಗಿ ಜಪಾನಿನ ಮಾತ್ಸುಯೆಯಲ್ಲಿ ನೆಲೆಸಿದರು. ಸೋತ ಸೈನ್ಯದ ಆಯುಧಗಳನ್ನು ನಾಶಪಡಿಸುವುದು ಕಾಮನ್‌ವೆಲ್ತ್ ಪಡೆಯ ಕೆಲಸಗಳಲ್ಲೊಂದು. ಎಪ್ಪತ್ತೈದು ವರ್ಷಗಳ ದುಡಿಮೆ ಕಬ್ಬಿಣದ ಗುಜರಿಯಾಗಿ ಕರಗಿತು.

ಸ್ವತಂತ್ರ ಭಾರತದಲ್ಲಿ ಅವರ ಯಂತ್ರಜ್ಞಾನಕ್ಕೆ ಕಾಶ್ಮೀರದಲ್ಲಿ ಪರೀಕ್ಷೆ ಒದಗಿತು. 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮೇಲಿರುವ ಜೋಜಿಲಾ ಕಣಿವೆಗೆ 7ನೆಯ ಲಘು ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳು ಏರಿದವು. ಅವುಗಳ ಬರವನ್ನು ಶತ್ರು ಊಹಿಸಿರಲೇ ಇಲ್ಲ. ಲಡಾಖಿನ ದಾರಿ ತೆರೆಯಿತು. ಮುಂದೆ ಕೊರಿಯದಲ್ಲಿ ಯುದ್ಧಕೈದಿಗಳ ಸ್ವದೇಶ ಮರಳುವಿಕೆಯ ತಟಸ್ಥ ಆಯೋಗದ ಅಧ್ಯಕ್ಷರಾಗಿ, ಬಂದೂಕಿಲ್ಲದೆ ಗೆಲ್ಲುವ ವಿದ್ಯೆಯನ್ನೂ ಅವರು ತೋರಿಸಿದರು.

1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದಾಗ ಅವರ ಮುಂದಿದ್ದ ಚಿಂತೆ ಉತ್ತರದ ಗಡಿಯದು. ಸೈನಿಕರ ಕೈಯಲ್ಲಿದ್ದುದು ಮಹಾಯುದ್ಧಗಳ ಕಾಲದ .303 ಬಂದೂಕು. ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬೆಳೆದು, 1959ರ ಆಗಸ್ಟಿನಲ್ಲಿ ಅವರು ರಾಜೀನಾಮೆ ಸಲ್ಲಿಸಿದರು. ನೆಹರೂ ಅವರ ಮಾತಿಗೆ ಓಗೊಟ್ಟು ಹಿಂತೆಗೆದುಕೊಂಡರು. ದೇಶದೊಳಗೇ ಆಯುಧಗಳು ತಯಾರಾಗಬೇಕೆಂದು ಹಟ ತೊಟ್ಟವರಲ್ಲಿ ಮೆನನ್ನರೂ ಒಬ್ಬರೆಂಬುದನ್ನು ಇಲ್ಲಿ ಮರೆಯಲಾಗದು. ಆದರೆ ಕಾರ್ಖಾನೆಗೆ ವರ್ಷಗಳ ವಾಯಿದೆ ಬೇಕು. ಗಡಿಗೆ ಆ ವಾಯಿದೆ ಇರಲಿಲ್ಲ.

1961ರಲ್ಲಿ ನಿವೃತ್ತರಾದ ತಿಮ್ಮಯ್ಯನವರು ಮರುವರ್ಷದ ಜುಲೈಯಲ್ಲಿ 'ಸೆಮಿನಾರ್' ಪತ್ರಿಕೆಗೆ ಬರೆದ ಲೇಖನದಲ್ಲಿ, ಚೀನದ ಸೈನ್ಯಬಲವನ್ನೂ ಸಲಕರಣೆಯನ್ನೂ ಒಂಟಿಯಾಗಿ ಎದುರಿಸುವ ಸ್ಥಿತಿಯಲ್ಲಿ ಭಾರತವಿಲ್ಲವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಅಕ್ಟೋಬರಿನಲ್ಲಿ ಯುದ್ಧ ಬಂದಿತು. ಹಿಮದ ಮೇಲೆ ಬಿದ್ದ ಜವಾನರಲ್ಲಿ ಕೆಚ್ಚಿಗೆ ಕಡಿಮೆಯಿರಲಿಲ್ಲ.

1964ರಲ್ಲಿ ಸೈಪ್ರಸಿನ ಶಾಂತಿಪಡೆಯ ದಳಪತಿಯಾಗಿ ತೆರಳಿದ ಅವರು 1965ರ ಡಿಸೆಂಬರ್ 18ರಂದು ಆ ದ್ವೀಪದಲ್ಲಿಯೇ ಹೃದಯಾಘಾತದಿಂದ ಕಣ್ಮುಚ್ಚಿದರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಪದಕಗಳನ್ನು ನೋಡಿ ಹೆಮ್ಮೆಪಡಲಿ; ಜೊತೆಗೆ, ಅಪ್ರಿಯವಾದ ಲೆಕ್ಕವನ್ನು ಸಕಾಲದಲ್ಲಿ ಒಪ್ಪಿಸುವುದೂ ಶೌರ್ಯವೇ ಎಂಬುದನ್ನು ನೆನೆಯಲಿ.