ಕಾರೆಲ್ ಫ್ರೆಡೆರಿಕ್ ವೆಂಕೆಬಾಖ್

ಕಾರೆಲ್ ಫ್ರೆಡೆರಿಕ್ ವೆಂಕೆಬಾಖ್ (24 ಮಾರ್ಚ್ 1864 – 11 ನವೆಂಬರ್ 1940) ಡಚ್ ವೈದ್ಯವಿಜ್ಞಾನಿ. ಹೃದಯದ ಲಯದೋಷಗಳ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲೊಬ್ಬ. ಸಿಂಕೋನ ತೊಗಟೆಯಿಂದ ದೊರೆಯುವ ಕ್ವಿನೈನ್ ಹೃದಯದ ಬಡಿತವನ್ನು ಸರಿಪಡಿಸಬಲ್ಲುದೆಂದು ವೈದ್ಯಲೋಕಕ್ಕೆ ತಿಳಿಸಿದವನೆಂದು ಪ್ರಸಿದ್ಧ.

ಜೀವನ

ಈತ ಜನಿಸಿದ್ದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ. ಯೂಟ್ರೆಕ್ಟ್‌ನಲ್ಲಿ ವ್ಯಾಸಂಗ ಮಾಡಿ 1888ರಲ್ಲಿ ವೈದ್ಯ ಪದವಿ ಪಡೆದ. ವರ್ಣಾಂಧತೆಯಿಂದಾಗಿ ಸೂಕ್ಷ್ಮದರ್ಶಕದ ಕೆಲಸ ಈತನಿಗೆ ಕಷ್ಟವಾಗಿತ್ತು. ಕೆಲಕಾಲ ಹೇರ್ಲೆನ್‌ನಲ್ಲಿ ವೈದ್ಯವೃತ್ತಿ ನಡೆಸಿ ಯೂಟ್ರೆಕ್ಟ್‌ಗೆ ಮರಳಿದ. ಮುಂದೆ ಗ್ರೋನಿಂಗೆನ್ (1901), ಸ್ಟ್ರಾಸ್‌ಬರ್ಗ್ (1911) ಮತ್ತು ವಿಯೆನ್ನಾ (1914) ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕನಾದ. 1929ರಲ್ಲಿ ನಿವೃತ್ತನಾಗಿ ವಿಯೆನ್ನಾದಲ್ಲೇ ನಿಧನ ಹೊಂದಿದ.

ನಾಡಿಯ ಅಧ್ಯಯನ

ಹೃದಯದ ವಿದ್ಯುತ್ ಆಲೇಖ ಬಳಕೆಗೆ ಬರುವ ಮೊದಲೇ, 1899ರಲ್ಲಿ, ನಾಡಿಯ ಆಲೇಖವನ್ನು ಅಳೆದು ಈತ ಒಂದು ವಿಶಿಷ್ಟ ದೋಷವನ್ನು ಗುರುತಿಸಿದ. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಪ್ರಚೋದನೆ ತಲಪುವ ಅವಧಿ ಬಡಿತದಿಂದ ಬಡಿತಕ್ಕೆ ಹೆಚ್ಚುತ್ತ ಹೋಗಿ ಕೊನೆಗೆ ಒಂದು ಬಡಿತ ತಪ್ಪುತ್ತದೆ. ಅನಂತರ ಇದೇ ಕ್ರಮ ಮರುಕಳಿಸುತ್ತದೆ. ಇದಕ್ಕೆ ವೆಂಕೆಬಾಖ್ ವಿದ್ಯಮಾನ ಎಂಬ ಹೆಸರು ಉಳಿದಿದೆ.

ಕ್ವಿನೈನ್ ಚಿಕಿತ್ಸೆ

1912ರಲ್ಲಿ ಹೃತ್ಕರ್ಣದ ಕಂಪನದಿಂದ ಬಳಲುತ್ತಿದ್ದ ಡಚ್ ವ್ಯಾಪಾರಿಯೊಬ್ಬ ಈತನ ಬಳಿ ಬಂದ. ಇದಕ್ಕೆ ತನ್ನಲ್ಲಿ ಮದ್ದಿಲ್ಲವೆಂದು ವೆಂಕೆಬಾಖ್ ಒಪ್ಪಿಕೊಂಡ. ಮಲೇರಿಯ ಪೀಡಿತ ಪ್ರದೇಶಗಳಲ್ಲಿ ವಾಸಿಸಿ ಕ್ವಿನೈನನ್ನು ಬಲ್ಲವನಾಗಿದ್ದ ವ್ಯಾಪಾರಿ ಮರುದಿನ ಕ್ರಮಬದ್ಧ ನಾಡಿಯೊಡನೆ ಬರುವುದಾಗಿ ಹೇಳಿ ಹೋದ, ಹಾಗೆಯೇ ಬಂದ. ಆತ ಸೇವಿಸಿದ್ದು 1 ಗ್ರಾಂ ಕ್ವಿನೈನ್. ರೋಗಿಯ ಮಾತನ್ನು ತಳ್ಳಿಹಾಕದ ವೆಂಕೆಬಾಖ್ ಅದನ್ನು ಇತರ ರೋಗಿಗಳಲ್ಲಿ ಪರೀಕ್ಷಿಸಿದ. ಕೆಲವರಲ್ಲಿ ಮಾತ್ರ, ಮುಖ್ಯವಾಗಿ ಕಂಪನ ಆರಂಭವಾಗಿ ಹೆಚ್ಚು ಕಾಲವಾಗದವರಲ್ಲಿ, ಗುಣ ಕಂಡಿತು. ಈ ಮಿತಿಯನ್ನೂ ಮರೆಮಾಚದೆ 1914ರ ತನ್ನ ಗ್ರಂಥದಲ್ಲಿ ದಾಖಲಿಸಿದ. ಇದನ್ನು ಮುಂದುವರಿಸಿದ ವಾಲ್ಟರ್ ಫ್ರೈ, ಸಿಂಕೋನದ ಕ್ಷಾರಗಳನ್ನು ಹೋಲಿಸಿ ಕ್ವಿನಿಡಿನ್ ಹೆಚ್ಚು ಪರಿಣಾಮಕಾರಿಯೆಂದು 1918ರಲ್ಲಿ ಪ್ರಕಟಿಸಿದ.

ಆನುವಂಶಿಕ ಲಯದೋಷಗಳಲ್ಲಿ ಬಳಕೆ

ಕ್ವಿನಿಡಿನ್ ನಿರಪಾಯಕಾರಿಯಲ್ಲ. ಬಡಿತದ ಅನಂತರ ಹೃದಯ ಚೇತರಿಸಿಕೊಳ್ಳುವ ಅವಧಿಯನ್ನು (ಕ್ಯೂಟಿ ಅವಧಿ) ಇದು ಹಿಗ್ಗಿಸುವುದರಿಂದ ಕೆಲವರಲ್ಲಿ ಮೂರ್ಛೆ, ಹಠಾತ್ ಮರಣ ಸಂಭವಿಸಿದುವು. ಕ್ರಮೇಣ ಇದರ ಬಳಕೆ ಕುಗ್ಗಿತು. ಆದರೆ ಇದೇ ಗುಣ ಬೇರೆ ಕಾಯಿಲೆಯಲ್ಲಿ ವರವಾಯಿತು. 2000ದಲ್ಲಿ ವರ್ಣಿಸಲಾದ ಹ್ರಸ್ವ ಕ್ಯೂಟಿ ಸಿಂಡ್ರೋಮ್‌ನಲ್ಲಿ ಹೃದಯ ಅತಿಬೇಗ ಚೇತರಿಸಿಕೊಳ್ಳುತ್ತದೆ. ಕ್ವಿನಿಡಿನ್ ಪೊಟ್ಯಾಸಿಯಂ ಅಯಾನುಗಳ ಹೊರಹರಿವನ್ನು ತಡೆದು ಈ ಅವಧಿಯನ್ನು ಸಹಜದತ್ತ ತರುತ್ತದೆ. 1992ರಲ್ಲಿ ವರ್ಣಿತವಾದ ಬ್ರುಗಾಡಾ ಸಿಂಡ್ರೋಮ್‌ನಲ್ಲಿಯೂ, ಎದೆಯೊಳಗೆ ಅಳವಡಿಸಿದ ಡಿಫಿಬ್ರಿಲೇಟರ್ ಮತ್ತೆಮತ್ತೆ ಆಘಾತ ನೀಡುವಾಗ ಅಥವಾ ಅದನ್ನು ಅಳವಡಿಸಲಾಗದಾಗ, ಇದನ್ನು ಕೊಡುವುದುಂಟು. ಜನ್ಮಜಾತ ದೀರ್ಘ ಕ್ಯೂಟಿ ದೋಷವುಳ್ಳವರಿಗೆ ಮಾತ್ರ ಇದು ವರ್ಜ್ಯ. ಹೀಗೆ ವ್ಯಾಪಾರಿಯೊಬ್ಬನ ಅನುಭವದಿಂದ ಮೊದಲಾದ ಔಷಧ, ವೆಂಕೆಬಾಖ್‌ನ ಕಾಲದಲ್ಲಿ ಹೆಸರೇ ಇಲ್ಲದಿದ್ದ ಕಾಯಿಲೆಗಳಿಗೂ ಒದಗಿಬಂದಿದೆ.